85 ಸೆಂ.ಮೀ. ಮೋನೋ ಬೋಟ್: ಅಚ್ಚು ನಾನೇ ಮಾಡಲಾ, ಹಲ್ ಆರ್ಡರ್ ಮಾಡಲಾ?

ಹೊಸ ಚುಕ್ಕಾಣಿ

ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೆ ಪ್ಲಾಸ್ಟಿಕ್ ಹಲ್‌ನ (ಹಲ್ ಅಂದರೆ ಬೋಟಿನ ಹೊರಮೈ) ರೆಡಿಮೇಡ್ ರಿಮೋಟ್ ಕಂಟ್ರೋಲ್ ಬೋಟ್ ಓಡಿಸುತ್ತಿದ್ದೆ. ಮೋಟಾರ್ ಬದಲಿಸಿದ ಮೇಲೆ ವೇಗವೇನೋ ಬಂತು, ಆದರೆ ತಳ ನಡುಗುವುದು ದಡದಿಂದಲೇ ಕಾಣುತ್ತದೆ. ಹಾಗಾಗಿ ಫೈಬರ್‌ಗ್ಲಾಸ್‌ಗೆ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ. ಮನಸ್ಸಲ್ಲಿರುವುದು 85 ಸೆಂ.ಮೀ. ಉದ್ದದ ಡೀಪ್-ವಿ ಮೋನೋ (ವಿ ಆಕಾರದ ತಳದ, ಒಂದೇ ಹಲ್‌ನ ಬೋಟ್), 4ಎಸ್ (ನಾಲ್ಕು ಸೆಲ್‌ನ) ಲಿಪೊ ಬ್ಯಾಟರಿ, 2000 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 2000 ಸುತ್ತು) ಬ್ರಶ್‌ಲೆಸ್ ಮೋಟಾರ್.

ಪ್ಲಗ್ (ಅಚ್ಚು ತೆಗೆಯಲು ಬೇಕಾದ ಮೂಲ ಮಾದರಿ) ಕೆತ್ತಿ, ಅಚ್ಚು ತೆಗೆದು, ಹಲ್ ನಾನೇ ಮಾಡಲಾ? ಅಥವಾ ಮಾಡಿಕೊಡುವವರ ಹತ್ತಿರ ಖಾಲಿ ಹಲ್ ತರಿಸಿ ಒಳಗಿನ ಕೆಲಸ ಮಾತ್ರ ಮಾಡಿಕೊಳ್ಳಲಾ? ಆರ್ಡರ್ ಮಾಡುವುದಾದರೆ ಏನೇನು ಕೇಳಬೇಕು ಅಂತಲೂ ಗೊತ್ತಿಲ್ಲ. ವಿಚಾರಿಸಿದವರೆಲ್ಲ ಬಣ್ಣದ ಪಟ್ಟಿ ಕಳಿಸುತ್ತಾರೆ, ಅಷ್ಟೇ.

ರೆಸಿನ್ ಕೈ

ಒಂದೇ ಒಂದು ಬೋಟ್ ಸಾಕು ಅಂತಿದ್ದರೆ ಅಚ್ಚಿನ ತಂಟೆಗೆ ಹೋಗಬೇಡಿ. ಅಚ್ಚು ಮಾಡುವುದು ಅಂದರೆ ಅದೇ ಬೋಟನ್ನು ಮೂರು ಸಲ ಮಾಡಿದ ಲೆಕ್ಕ. ಮೊದಲು ಪ್ಲಗ್, ಅದರ ಮೇಲೆ ಅಚ್ಚು, ಅಚ್ಚಿನೊಳಗೆ ಹಲ್. ಡೆಕ್‌ಗೆ ಇದೆಲ್ಲ ಇನ್ನೊಂದು ಸಲ.

ಪ್ಲಗ್ ಎಂಡಿಎಫ್‌ನಲ್ಲೋ ಮರದಲ್ಲೋ ಆಗಬಹುದು. ಪ್ರೈಮರ್ ಹೊಡೆದು, 1000–1200 ನಂಬರಿನ ವಾಟರ್ ಪೇಪರ್‌ವರೆಗೆ ತಿಕ್ಕಿ ಹೊಳಪಿಗೆ ತರಬೇಕು. ಪ್ಲಗ್‌ನಲ್ಲಿ ಬಿಟ್ಟ ಗೀರು ಮುಂದೆ ಆ ಅಚ್ಚಿನಿಂದ ಬರುವ ಪ್ರತಿ ಹಲ್‌ನಲ್ಲೂ ಬರುತ್ತದೆ. ಆಮೇಲೆ ಕಾರ್ನೂಬಾ ವ್ಯಾಕ್ಸ್ ಐದಾರು ಕೋಟು, ಪ್ರತಿ ಸಲವೂ ಒಣಗಲು ಬಿಟ್ಟು ಉಜ್ಜಬೇಕು. ಅದರ ಮೇಲೆ ಪಿವಿಎ (ಅಚ್ಚು ಅಂಟದಂತೆ ಬಳಿಯುವ ದ್ರವ) ತೆಳ್ಳಗೆ. ಮೊದಲ ಸಲ ಮಾಡುವವರು ಪಿವಿಎ ಬಿಡಲೇಬೇಡಿ. ವ್ಯಾಕ್ಸ್ ಎಲ್ಲಾದರೂ ತಪ್ಪಿದ್ದರೆ ಕಾಪಾಡುವುದು ಅದೊಂದೇ.

ನಂತರ ಟೂಲಿಂಗ್ ಜೆಲ್‌ಕೋಟ್ (ಮೇಲ್ಮೈಗೆ ಬಳಿಯುವ ಬಣ್ಣದ ದಪ್ಪ ರೆಸಿನ್) ಎರಡು ಕೋಟು. ಮುಟ್ಟಿದರೆ ಅಂಟಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು. ಆ ಹದಕ್ಕೆ ಬಂದಾಗ ತೆಳು ಮ್ಯಾಟ್ (ಗಾಜಿನ ನಾರಿನ ತುಂಡುಗಳ ಹಾಳೆ), ಅದಾದ ಮೇಲೆ 450 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ) ಮ್ಯಾಟ್ ಪದರ ಪದರವಾಗಿ. ಎಲ್ಲ ಪದರವನ್ನೂ ಒಂದೇ ದಿನ ಹಾಕುವ ಆತುರ ಬೇಡ. ದಪ್ಪ ರೆಸಿನ್ ಗಟ್ಟಿಯಾಗುವಾಗ ಬಿಸಿ ಏರುತ್ತದೆ, ಅಚ್ಚು ಸೊಟ್ಟಗಾಗುತ್ತದೆ. ಅಚ್ಚಿನ ಗೋಡೆ ಹಲ್‌ಗಿಂತ ಎರಡು ಮೂರು ಪಟ್ಟು ದಪ್ಪ ಇರಬೇಕು. ಪ್ಲಗ್ ಮೇಲೆ ಒಂದು ವಾರ ಹಾಗೇ ಬಿಟ್ಟು ಆಮೇಲೆ ಬಿಡಿಸಬೇಕು. ಬಿಡಿಸಲು ಸ್ಕ್ರೂಡ್ರೈವರ್ ಹಾಕಬೇಡಿ. ಮರದ ಇಲ್ಲವೇ ಪ್ಲಾಸ್ಟಿಕ್ ಬೆಣೆ, ಸಂದಿಗೆ ಸ್ವಲ್ಪ ನೀರು. ಪಿವಿಎ ನೀರಲ್ಲಿ ಕರಗುವುದರಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ಪಾಲಿಯೆಸ್ಟರ್ ರೆಸಿನ್‌ ಗಟ್ಟಿಯಾಗಲು ಹಾಕುವ ಎಂಇಕೆಪಿ ಸಾಮಾನ್ಯವಾಗಿ ಶೇ 1ರಿಂದ 2. ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿಗೇ ಕುತ್ತು. ಕನ್ನಡಕ ಹಾಕದೆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಎಂಇಕೆಪಿ ಹಾಕಿ. ಇವೆರಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಹೆದರಿಸಲು ಹೇಳುತ್ತಿಲ್ಲ, ನಿಜವಾಗಿಯೂ ಸಿಡಿಯುತ್ತದೆ.

ಹಳೇ ಗ್ಲೋ ಪ್ಲಗ್

ತಂಟೆಗೆ ಹೋಗಬೇಡಿ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು ರೆಸಿನ್ ಕೈ ಅವರೇ. ನಾನು ಎಫ್‌ಎಸ್‌ಆರ್-ವಿ (ಇಂಧನದ ಎಂಜಿನ್ ಬೋಟ್‌ಗಳ ದೀರ್ಘ ರೇಸ್ ವರ್ಗ) ಓಡಿಸುವವನು, 7.5 ಸಿಸಿ ಗ್ಲೋ ಎಂಜಿನ್. ಫೈನಲ್ ಅಂದರೆ 30 ನಿಮಿಷ, ನೀರಲ್ಲಿ ತೇಲುವ ಗುರುತುಗಳ (ಬಾಯ್) ನಡುವೆ ಎಂ ಆಕಾರದ ದಾರಿ, ಒಂದೇ ನೀರಲ್ಲಿ ಅಷ್ಟೊಂದು ಬೋಟು. ಡಿಕ್ಕಿ ಆಗದೆ ದಡಕ್ಕೆ ಬಂದರೆ ಅದೇ ಆಶ್ಚರ್ಯ. ಅಂಥ ಕಡೆ ಹಲ್ ಒಡೆಯುವುದು ಮಾಮೂಲು. ಸ್ವಂತ ಅಚ್ಚು ಇದ್ದವನು ಇನ್ನೊಂದು ಎಳೆದುಕೊಳ್ಳುತ್ತಾನೆ, ಇಲ್ಲದವನು ಪಾರ್ಸೆಲ್ ಕಾಯುತ್ತಾ ಕೂರುತ್ತಾನೆ.

ತಮ್ಮಾ, ನೀನು ರೇಸ್‌ಗೆ ಇಳಿಯುವವನಾ, ಸುಮ್ನೆ ಖುಷಿಗೆ ಓಡಿಸುವವನಾ? ಅದನ್ನು ಮೊದಲು ಹೇಳು. ರೇಸ್ ಅಂದರೆ ವರ್ಗದ ನಿಯಮ ಓದಿಕೊಂಡೇ ಹಲ್ ಆರಿಸಬೇಕು. ನಾವಿಗಾ 1959ರಲ್ಲಿ ಶುರುವಾದ ಮಾದರಿ ಬೋಟ್‌ಗಳ ಅಂತರರಾಷ್ಟ್ರೀಯ ಸಂಸ್ಥೆ, ಅವರ ವರ್ಗಗಳು ಒಂದು ಥರ. ಅಮೆರಿಕದ ನಾಂಬಾ ಇನ್ನೊಂದು ಥರ: ಅಲ್ಲಿ ಎಲೆಕ್ಟ್ರಿಕ್ ಬೋಟ್‌ಗಳಲ್ಲಿ 4ಎಸ್ ಅಂದರೆ ಪಿ, 6ಎಸ್ ಅಂದರೆ ಕ್ಯೂ. ಹಲ್ ಬಂದ ಮೇಲೆ ನಿಯಮ ಓದಿದರೆ ಏನು ಪ್ರಯೋಜನ?

ಹೊಸ ಚುಕ್ಕಾಣಿ

ಸದ್ಯಕ್ಕೆ ಖುಷಿಗೇ ಸರ್. ಆದರೆ ಮುಂದೆ 4ಎಸ್ ಮೋನೋ ವರ್ಗದಲ್ಲಿ ನಿಲ್ಲುವ ಆಸೆ ಇದೆ.

ಟೇಪ್ ರಾಣಿ

ಹಾಗಾದರೆ ಆರ್ಡರ್ ಮಾಡಿ. ನಾನು ಓಡಿಸುವುದೆಲ್ಲ ತರಿಸಿದ ಹಲ್‌ಗಳೇ, ಅಚ್ಚಿನ ಕೆಲಸ ನನ್ನ ಕೈಯಲ್ಲಾಗದು. ಬದಲಿಗೆ ಕೇಳುವ ಕೆಲಸ ಚೆನ್ನಾಗಿ ಕಲಿತಿದ್ದೇನೆ.

ಬಣ್ಣದ ಮಾತು ಕೊನೆಗೆ ಇರಲಿ. ಮೊದಲು ತೂಕ ಕೇಳಿ. "ಹಗುರ ಇದೆ" ಅನ್ನುವುದು ಉತ್ತರ ಅಲ್ಲ, ತಕ್ಕಡಿ ಮೇಲೆ ಇಟ್ಟ ಫೋಟೊ ಬೇಕು. ಹಲ್ ಮತ್ತು ಡೆಕ್ ಸೇರಿಸಿದ ಮೇಲಿನ ತೂಕ, ಹ್ಯಾಚ್ (ಡೆಕ್ ಮೇಲಿನ ಮುಚ್ಚಳ) ಬೇರೆ. ಎರಡನೆಯದು ಲೇಅಪ್. ಯಾವ ಬಟ್ಟೆ, ಎಷ್ಟು ಜಿಎಸ್‌ಎಂ, ಎಷ್ಟು ಪದರ, ಎಪಾಕ್ಸಿಯಾ ಪಾಲಿಯೆಸ್ಟರಾ. ಟ್ರಾನ್ಸಮ್ (ಬೋಟಿನ ಹಿಂಬದಿಯ ಗೋಡೆ) ಹತ್ತಿರ ಮತ್ತು ಮೋಟಾರ್ ಕೂರುವ ಜಾಗದಲ್ಲಿ ಹೆಚ್ಚುವರಿ ಪದರ ಇದೆಯಾ ಅಂತಲೂ ಕೇಳಿ. ಸರಿಯಾಗಿ ಮಾಡುವವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ. "ಅದೆಲ್ಲ ಚೆನ್ನಾಗಿಯೇ ಇರುತ್ತದೆ ಮೇಡಂ" ಅಂದರೆ ಬೇರೆಯವರನ್ನು ನೋಡಿ.

ಮೂರನೆಯದೇ ಮುಖ್ಯ. ತಳದ ಹಿಂದಿನ ಮೂರನೇ ಒಂದು ಭಾಗದ ಮೇಲೆ ಉದ್ದಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಪಕ್ಕದಿಂದ ತೆಗೆದ ಫೋಟೊ ಕೇಳಿ. ಸ್ಕೇಲಿನ ಹಿಂದೆ ಟಾರ್ಚ್ ಹಿಡಿದು ತೆಗೆಯಲು ಹೇಳಿ. ಬೆಳಕು ಎಲ್ಲಿಂದ ತೂರಿ ಬರುತ್ತದೋ ಅಲ್ಲಿ ತಳ ತಗ್ಗಿದೆ. ಕಾಗದ ತೂರುವಷ್ಟು ಸಂದಿ ಇದ್ದರೂ ವೇಗದಲ್ಲಿ ಗೊತ್ತಾಗುತ್ತದೆ. ಟ್ರಾನ್ಸಮ್ ಹತ್ತಿರ ತಳ ಒಳಕ್ಕೆ ಬಾಗಿದ್ದರೆ ಹಿಂಭಾಗ ಎದ್ದು ಮೂತಿ ನೀರಿಗೆ ಒತ್ತುತ್ತದೆ, ಬೋಟ್ ಒದ್ದೆಯಾಗಿ ಓಡುತ್ತದೆ. ಹೊರಕ್ಕೆ ಉಬ್ಬಿದ್ದರೆ ಮೂತಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಇದಕ್ಕೆ ಮೋಟಾರ್ ಬದಲಿಸಿ, ಬ್ಯಾಟರಿ ಸರಿಸಿ, ಟ್ರಿಮ್ ಟ್ಯಾಬ್ (ಹಿಂಬದಿಯ ಸಣ್ಣ ಫಲಕ) ತಿರುಚಿ ಒದ್ದಾಡುವವರನ್ನು ಎಷ್ಟು ಜನ ನೋಡಿಲ್ಲ! ಕಾಯಿಲೆ ತಳದಲ್ಲಿ, ಔಷಧ ಮೋಟಾರಿಗೆ.

ರೆಸಿನ್ ಕೈ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ತಳ ಯಾಕೆ ಬಾಗುತ್ತದೆ ಅಂತ ನಾನು ಸೇರಿಸುತ್ತೇನೆ. ಆರ್ಡರ್ ಜಾಸ್ತಿ ಇದ್ದಾಗ ಮಾಡುವವರು ಹಲ್‌ ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಎಬ್ಬಿಸುತ್ತಾರೆ. ಮುಟ್ಟಿದರೆ ಗಟ್ಟಿ ಅನ್ನಿಸುತ್ತದೆ, ಆದರೆ ಒಳಗೆ ಇನ್ನೂ ಹಸಿ. ಅದನ್ನು ಗೋಡೆಗೆ ಒರಗಿಸಿ ಇಟ್ಟರೂ ಸಾಕು, ಆ ಆಕಾರಕ್ಕೇ ಗಟ್ಟಿಯಾಗುತ್ತದೆ. ಹಾಗಾಗಿ "ಬೇಗ ಕಳಿಸಿ" ಅಂತ ಒತ್ತಾಯ ಮಾಡಬೇಡಿ. "ಅಚ್ಚಿನಲ್ಲೇ ಇನ್ನೆರಡು ದಿನ ಬಿಡಿ, ನಾನು ಕಾಯುತ್ತೇನೆ" ಅನ್ನಿ.

ಎಪಾಕ್ಸಿಗೆ ಇನ್ನೊಂದು ಸಮಸ್ಯೆ. ಕೋಣೆಯ ಬಿಸಿಯಲ್ಲಷ್ಟೇ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗಲು ಶುರುವಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕಪ್ಪು ಬಣ್ಣದ ಹಲ್ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಹಲ್ ಅಚ್ಚಿನಲ್ಲಿರುವಾಗಲೇ ನಿಧಾನವಾಗಿ ಬಿಸಿ ಏರಿಸಿ ಪೋಸ್ಟ್ ಕ್ಯೂರ್ ಮಾಡುತ್ತೀರಾ ಅಂತ ಕೇಳಿ. ಮಾಡುವುದಿಲ್ಲ ಅಂದರೆ ಕಡೇಪಕ್ಷ ತಿಳಿ ಬಣ್ಣ ಆರಿಸಿ. ಬಣ್ಣದ ಪಟ್ಟಿಗೂ ಒಂದು ಉಪಯೋಗ ಸಿಕ್ಕಿತು ನೋಡಿ.

ಮೂರು ಪಾಯಿಂಟ್

ಏನೇ ಹೇಳಿ, ಹಗುರ ಇದ್ದಷ್ಟೂ ಒಳ್ಳೆಯದು. ನಾನು ಹೈಡ್ರೋ ಓಡಿಸುವವನು. ಕಾರ್ಬನ್ ಹಾಕಿಸಿ, ಕಥೆ ಮುಗಿಯಿತು.

ಹಳೇ ಗ್ಲೋ ಪ್ಲಗ್

ಹೈಡ್ರೋ ಬೇರೆ ಗುರುವೇ. ನಿನ್ನದು ಸ್ಪಾನ್ಸನ್ (ಎರಡೂ ಪಕ್ಕದ ತೇಲುಗಳು) ಎರಡು, ಪ್ರೊಪೆಲ್ಲರ್ ಒಂದು, ಮೂರೇ ಕಡೆ ನೀರು ಮುಟ್ಟುವುದು. ಅಲೆ ಇಲ್ಲದ ನೀರಲ್ಲಿ ರಾಜ. ಮೋನೋ ಅಲೆ ಸೀಳಿಕೊಂಡು ಹೋಗಬೇಕಾದ್ದು. ತೀರಾ ಹಗುರ ಆದರೆ ಪ್ರತಿ ಅಲೆಗೂ ಹಾರುತ್ತದೆ. ಹೊಸಬರಿಗೆ ಗಟ್ಟಿ ಹಲ್ ಇರಲಿ.

ಕೆವಿ ಲೆಕ್ಕ

ಕಾರ್ಬನ್ ಬಗ್ಗೆ ಒಂದು ಎಚ್ಚರಿಕೆ. ಅದು ವಿದ್ಯುತ್ ಹರಿಸುತ್ತದೆ. ಪೂರ್ತಿ ಕಾರ್ಬನ್ ಹಲ್‌ ಒಳಗೆ ರಿಸೀವರ್ ಇಟ್ಟರೆ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡ ಗೋಡೆ ಕಟ್ಟಿದಂತೆ. ಆಂಟೆನಾ ಡೆಕ್ ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಗೆ ಬರಲೇಬೇಕು. ಗಾಜಿನ ಬಟ್ಟೆಗೆ ಆ ತೊಂದರೆ ಇಲ್ಲ. ಆದರೂ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ ಇರಲಿ, 2.4 ಗಿಗಾಹರ್ಟ್ಸ್ ನೀರಿನೊಳಗೆ ಹೋಗುವುದಿಲ್ಲ. ಸಿಗ್ನಲ್ ಹೋದರೆ ಥ್ರಾಟಲ್ ಸೊನ್ನೆಗೆ ಬರುವಂತೆ ಫೇಲ್‌ಸೇಫ್ ಹೊಂದಿಸಿ, ದಡದಲ್ಲೇ ಪರೀಕ್ಷೆ ಮಾಡಿ.

ರೆಸಿನ್ ಕೈ

ತೂಕದ ಮಾತು ಬಂದಿದ್ದರಿಂದ ಲೆಕ್ಕ ಹಾಕಿಯೇ ಬಿಡೋಣ. 85 ಸೆಂ.ಮೀ. ಮೋನೋದ ತಳ, ಪಕ್ಕ, ಡೆಕ್ ಎಲ್ಲ ಸೇರಿ ಅಂದಾಜು 0.55 ಚದರ ಮೀಟರ್ ಅಂದುಕೊಳ್ಳಿ. 160 ಜಿಎಸ್‌ಎಂ ಬಟ್ಟೆ ಮೂರು ಪದರ ಹಾಕಿದರೆ 480 ಜಿಎಸ್‌ಎಂ, ಅಂದರೆ ಬಟ್ಟೆಯೇ 265 ಗ್ರಾಂ ಹತ್ತಿರ. ಕೈಯಲ್ಲಿ ಎಪಾಕ್ಸಿ ಹಚ್ಚುವಾಗ ಬಟ್ಟೆಯಷ್ಟೇ ತೂಕದ ರೆಸಿನ್ ಹೀರಿಸಿದರೆ ಒಳ್ಳೆಯ ಕೈ. ಅಲ್ಲಿಗೆ 530 ಗ್ರಾಂ.

ಈಗ ಜೆಲ್‌ಕೋಟ್ ನೋಡಿ. 0.4 ಮಿ.ಮೀ. ದಪ್ಪ ಬಳಿದರೆ 0.55 ಚದರ ಮೀಟರ್‌ಗೆ 220 ಸಿಸಿ. ತೂಕ 260 ಗ್ರಾಂ ದಾಟುತ್ತದೆ. ಅಂದರೆ ಹಲ್‌ನ ಮೂರನೇ ಒಂದು ಭಾಗ ತೂಕ ಬರೀ ಬಣ್ಣದ ಪದರ! ಕಾರ್ಬನ್ ಹಾಕಿಸಿ ಉಳಿಸುವುದಕ್ಕಿಂತ ಜಾಸ್ತಿ ಇಲ್ಲೇ ಉಳಿಯುತ್ತದೆ. ಜೆಲ್‌ಕೋಟ್ ಬಿಟ್ಟು ಅಚ್ಚಿನೊಳಗೇ ಟೂ-ಕೆ (ಎರಡು ಭಾಗ ಕಲಸುವ) ಪಾಲಿಯುರೆಥೇನ್ ಬಣ್ಣ ಸ್ಪ್ರೇ ಮಾಡಿ, ಅದರ ಮೇಲೆ ಎಪಾಕ್ಸಿ ಮತ್ತು ಬಟ್ಟೆ ಹಾಕುವವರು ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ. ಆದರೆ ಉಳಿದ ತೂಕವನ್ನು ಪೂರ್ತಿ ಜೇಬಿಗೆ ಹಾಕಿಕೊಳ್ಳಬೇಡಿ, ಅರ್ಧವನ್ನು ತಳಕ್ಕೆ ಇನ್ನೊಂದು ಪದರವಾಗಿ ವಾಪಸ್ ಕೊಡಿ. ತಳ ನಡುಗಬಾರದು ಅನ್ನುವುದಕ್ಕೇ ತಾನೇ ನೀವು ಪ್ಲಾಸ್ಟಿಕ್ ಬಿಟ್ಟಿದ್ದು?

ಬಟ್ಟೆ ಮತ್ತು ಮ್ಯಾಟ್ ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಾಪ್ಡ್ ಮ್ಯಾಟ್ ತನ್ನ ತೂಕದ ಎರಡು ಪಟ್ಟಿಗೂ ಮೇಲೆ ರೆಸಿನ್ ಕುಡಿಯುತ್ತದೆ. ಅಚ್ಚಿಗೆ ಅದು ಸರಿ. ಹಲ್‌ಗೆ ಹಾಕಿದರೆ ತೂಕ ಬಂತು, ಬಲ ಬರಲಿಲ್ಲ.

ಟೇಪ್ ರಾಣಿ

ಸ್ಟ್ರೇಕ್‌ಗಳ (ತಳದ ಉದ್ದಕ್ಕೂ ಇರುವ ಏಣುಗಳ) ಅಂಚನ್ನೂ ಹೇಳಿ ಸರ್. ನನಗೆ ಒಮ್ಮೆ ಬಂದ ಹಲ್‌ನಲ್ಲಿ ಅದೇ ತಲೆನೋವು.

ರೆಸಿನ್ ಕೈ

ಹೌದು, ಮರೆಯಬಾರದ ವಿಷಯ. ತಳದ ಸ್ಟ್ರೇಕ್, ಪಕ್ಕದ ಚೈನ್ (ತಳ ಮತ್ತು ಪಕ್ಕ ಸೇರುವ ಅಂಚು), ಟ್ರಾನ್ಸಮ್ ಅಂಚು, ಇವೆಲ್ಲ ಚೂಪಾಗಿ ಇರಬೇಕು. ಅಂಚು ದುಂಡಗಿದ್ದರೆ ನೀರು ಬಿಟ್ಟುಕೊಳ್ಳದೆ ಸುತ್ತಿಕೊಂಡು ಬರುತ್ತದೆ, ಎಳೆತ ಹೆಚ್ಚುತ್ತದೆ. ಆದರೆ ಚೂಪು ಮೂಲೆಯೊಳಗೆ ಬಟ್ಟೆ ಕೂರುವುದಿಲ್ಲ, ಅಡ್ಡಲಾಗಿ ಸೇತುವೆ ಕಟ್ಟುತ್ತದೆ. ಕೆಳಗೆ ಟೊಳ್ಳು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಹೊಳೆಯುವ ಅಂಚು. ಉಗುರಿನಿಂದ ಒತ್ತಿ ಎಳೆಯುತ್ತಾ ಹೋಗಿ, ಟೊಳ್ಳಿರುವ ಕಡೆ ಮೊಟ್ಟೆ ಚಿಪ್ಪಿನ ಹಾಗೆ ಚಿಟ್ ಅಂತ ಬಿರಿಯುತ್ತದೆ.

ಕೆಲಸ ಬಲ್ಲವರು ಬಟ್ಟೆ ಹಾಕುವ ಮೊದಲು ಆ ಮೂಲೆಗಳಿಗೆ ಎಪಾಕ್ಸಿಯಲ್ಲಿ ಹತ್ತಿ ಪುಡಿಯೋ ಪುಡಿ ಮಾಡಿದ ಗಾಜಿನ ನಾರೋ ಕಲಸಿ ತುಂಬುತ್ತಾರೆ. ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ತಿರುವುಗಳಲ್ಲಿ ಚೆನ್ನಾಗಿ ಕೂರುತ್ತದೆ. ನಿಮ್ಮ ಹಲ್ ಬಂದಾಗ ಒಳಗೆ ಒಂದು ಬಲ್ಬ್ ಹಾಕಿ ಕತ್ತಲಲ್ಲಿ ನೋಡಿ. ಬಣ್ಣ ತೆಳುವಿದ್ದರೆ ಗುಳ್ಳೆಗಳು ಮಚ್ಚೆಯಂತೆ ಕಾಣುತ್ತವೆ. ದಟ್ಟ ಬಣ್ಣ ಆದರೆ ನಾಣ್ಯದಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಟೊಳ್ಳಿರುವ ಕಡೆ ಡಬ್ ಅನ್ನುತ್ತದೆ.

ಹೊಸ ಚುಕ್ಕಾಣಿ

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಆರ್ಡರ್ ಮಾಡುವುದೇ ಸರಿ ಅನ್ನಿಸುತ್ತಿದೆ. ಟೇಪ್ ರಾಣಿ ಮೇಡಂ, ಬಂದ ಹಲ್‌ನಲ್ಲಿ ಟೊಳ್ಳು ಸಿಕ್ಕರೆ ವಾಪಸ್ ಕಳಿಸುತ್ತೀರಾ?

ಟೇಪ್ ರಾಣಿ

ಸಣ್ಣಪುಟ್ಟದ್ದಕ್ಕೆ ಕಳಿಸುವುದಿಲ್ಲ. ಬಿರಿದ ಚಿಪ್ಪು ಕಿತ್ತು, ತಿಕ್ಕಿ, ಗಟ್ಟಿ ಎಪಾಕ್ಸಿ ತುಂಬಿ, ಉದ್ದನೆಯ ಮಟ್ಟಸ ಕಟ್ಟಿಗೆಗೆ ಸ್ಯಾಂಡ್ ಪೇಪರ್ ಅಂಟಿಸಿ ಅಂಚು ತೆಗೆದರೆ ಆಯಿತು. ಪಾಲಿಯೆಸ್ಟರ್ ಹಲ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ತಿಕ್ಕಿ ಒರಟು ಮಾಡಿರಬೇಕು ಅಷ್ಟೇ. ಉಲ್ಟಾ ಮಾಡಬೇಡಿ. ಗಟ್ಟಿಯಾದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ತಿಕ್ಕುವಾಗ ಮಾಸ್ಕ್ ಹಾಕಿ, ಗಾಜಿನ ಪುಡಿ ಅದು.

ವಾಪಸ್ ಕಳಿಸಬೇಕಾದ್ದು ಎರಡಕ್ಕೆ: ತಳ ತಿರುಚಿದ್ದರೆ, ಹಲ್-ಡೆಕ್ ಜೋಡಣೆ ಬಿಟ್ಟಿದ್ದರೆ. ಜೋಡಣೆಗೆ ಒಳಗಿನಿಂದ ಉದ್ದಕ್ಕೂ ಬಟ್ಟೆಯ ಪಟ್ಟಿ ಹಾಕಿರಬೇಕು. ಹ್ಯಾಚ್‌ನಿಂದ ಕೈ ಮೂತಿಯವರೆಗೆ ಹೋಗುವುದಿಲ್ಲ ಅಂತ ಕೆಲವರು ಮುಂದಿನ ಭಾಗವನ್ನು ಹಾಗೇ ಬಿಡುತ್ತಾರೆ. ಡಿಕ್ಕಿ ಆದಾಗ ಬಾಯಿ ಬಿಡುವುದು ಅಲ್ಲೇ. ಫೋನಿನ ಕ್ಯಾಮೆರಾವನ್ನು ಒಳಗೆ ತೂರಿಸಿ ಮೂತಿಯ ಕಡೆ ವಿಡಿಯೊ ತೆಗೆದು ಕಳಿಸಿ ಅಂತ ಕೇಳಿ.

ಸಾಗಣೆ ವಿಷಯ ಬೇರೆ ಇದೆ. ಕೊರಿಯರ್‌ನವರು ತೂಕ ನೋಡುವುದಿಲ್ಲ, ಜಾಗ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ರಿಂದ ಭಾಗಿಸುವುದು ಬಹಳ ಕಡೆ ರೂಢಿ. 100×35×25 ಪೆಟ್ಟಿಗೆ ಅಂದರೆ 17.5 ಕಿಲೋ ಅಂತ ಲೆಕ್ಕ, ಒಳಗಿರುವುದು ಒಂದು ಕಿಲೋ ಆಸುಪಾಸಿನ ಹಲ್ ಆದರೂ. ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಹಾಗಾಗಿ ರಡ್ಡರ್ (ಚುಕ್ಕಾಣಿ), ಸ್ಟ್ರಟ್ (ಪ್ರೊಪೆಲ್ಲರ್ ಶಾಫ್ಟ್ ಹಿಡಿಯುವ ಭಾಗ), ಮೋಟಾರ್ ಮೌಂಟ್ ಬೇಕಿದ್ದರೆ ಅದೇ ಪೆಟ್ಟಿಗೆಯ ಹಲ್‌ ಒಳಗೆ ಸುತ್ತಿ ಕಳಿಸಲು ಹೇಳಿ, ಲೆಕ್ಕದ ತೂಕ ಏರುವುದಿಲ್ಲ. ಸಡಿಲ ಬಿಟ್ಟರೆ ಮಾತ್ರ ದಾರಿಯಲ್ಲಿ ಒಳಗಿನಿಂದಲೇ ಹಲ್ ಒಡೆಯುತ್ತವೆ. ಲಿಪೊ ಬ್ಯಾಟರಿ ಇದರ ಜೊತೆ ಬೇಡವೇ ಬೇಡ, ಅದರ ಸಾಗಣೆ ನಿಯಮವೇ ಬೇರೆ, ಪೂರ್ತಿ ಪಾರ್ಸೆಲ್ ನಿಂತುಬಿಡುತ್ತದೆ.

ಕೆವಿ ಲೆಕ್ಕ

ಹಲ್ ಆಯಿತು, ಒಳಗಿನದ್ದಕ್ಕೆ ಬರೋಣ. 4ಎಸ್ ಅಂದರೆ 14.8 ವೋಲ್ಟ್, 2000 ಕೆವಿ, ಅಲ್ಲಿಗೆ ಭಾರ ಇಲ್ಲದೆ ನಿಮಿಷಕ್ಕೆ 29,600 ಸುತ್ತು. ಈ ಉದ್ದದ ಮೋನೋಗೆ ಒಳ್ಳೆಯ ಜೋಡಿ. ಪ್ರೊಪೆಲ್ಲರ್ ಆಕ್ಟುರಾ ಎಕ್ಸ್442 ಅಂದುಕೊಳ್ಳಿ: ಹೆಸರಿನಲ್ಲೇ ಇದೆ, ಪಿಚ್ ಅನುಪಾತ (ಒಂದು ಸುತ್ತಿಗೆ ಸಾಗುವ ದೂರ ವ್ಯಾಸದ ಎಷ್ಟು ಪಟ್ಟು ಅನ್ನುವುದು) 1.4, ವ್ಯಾಸ 42 ಮಿ.ಮೀ. ಒಂದು ಸುತ್ತಿಗೆ 58.8 ಮಿ.ಮೀ. ಮುಂದೆ. ಕಾಗದದ ಮೇಲೆ ಗಂಟೆಗೆ 104 ಕಿ.ಮೀ. ನೀರಲ್ಲಿ ಮೋಟಾರ್ ಸುತ್ತು ಇಳಿಯುತ್ತದೆ, ಪ್ರೊಪೆಲ್ಲರ್ ಜಾರುತ್ತದೆ, 70ರ ಆಸುಪಾಸು ಸಿಕ್ಕರೆ ಎಲ್ಲ ಸರಿ ಇದೆ ಅಂತ ಅರ್ಥ.

ಇಲ್ಲೇ ಎಲ್ಲರಿಗೂ ಆಸೆ ಹುಟ್ಟುವುದು. "3 ಮಿ.ಮೀ. ತಾನೇ, 45 ಹಾಕಿ ನೋಡೋಣ." ಅದೇ ಸುತ್ತಿಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವ್ಯಾಸದ ಐದನೇ ಘಾತದ ಹಾಗೆ ಏರುತ್ತದೆ. 42ರಿಂದ 45ಕ್ಕೆ ಹೋದರೆ ಶೇ 40ರಷ್ಟು ಜಾಸ್ತಿ ಭಾರ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಹೊಗೆ ಬಿಡುವುದು ಆ 3 ಮಿ.ಮೀ. ಕಾರಣಕ್ಕೆ. ಮೊದಲ ಓಟ ಒಂದು ನಿಮಿಷದ ಒಳಗೆ ನಿಲ್ಲಿಸಿ, ಮೋಟಾರ್, ಇಎಸ್‌ಸಿ, ಬ್ಯಾಟರಿ, ಕನೆಕ್ಟರ್ ಎಲ್ಲದರ ಬಿಸಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಪ್ರೊಪೆಲ್ಲರ್ ಚಿಕ್ಕದು ಮಾಡಿ. ಮೋಟಾರ್ ತಂಪು ಮಾಡಿದ ನೀರು ಹೊರಗೆ ಬೀಳುವ ತೂತು ದಡದಿಂದ ಕಾಣುವ ಪಕ್ಕದಲ್ಲಿರಲಿ. ನೀರು ಚಿಮ್ಮುವುದು ನಿಂತರೆ ತಕ್ಷಣ ಗೊತ್ತಾಗಬೇಕು.

ಹಳೇ ಗ್ಲೋ ಪ್ಲಗ್

ಆಕ್ಟುರಾದ ಲೋಹದ ಪ್ರೊಪೆಲ್ಲರ್ ಅಂದರೆ ಬೆರಿಲಿಯಂ ತಾಮ್ರ. ಹಾಗೇ ಬಂದದ್ದು ಓಡುವುದಿಲ್ಲ, ಅಂಚು ಹರಿತ ಮಾಡಿ ಬ್ಯಾಲೆನ್ಸ್ ಮಾಡಬೇಕು. ತಿಕ್ಕುವುದೆಲ್ಲ ನೀರಿನಲ್ಲೇ, ಒಣಗಿದ್ದನ್ನು ತಿಕ್ಕಬೇಡ. ಬೆರಿಲಿಯಂ ಪುಡಿ ಉಸಿರಾಟಕ್ಕೆ ಹೋದರೆ ಶ್ವಾಸಕೋಶ ವಾಸಿಯಾಗದ ಹಾಗೆ ಹಾಳಾಗುತ್ತದೆ. ಮಕ್ಕಳಿರುವ ಕಡೆ ಈ ಕೆಲಸ ಬೇಡ.

ಫ್ಲೆಕ್ಸ್ ಶಾಫ್ಟ್ (ಮೋಟಾರಿನಿಂದ ಪ್ರೊಪೆಲ್ಲರ್ ತಿರುಗಿಸುವ ಬಾಗುವ ಕೇಬಲ್) ಹಾಕುವಾಗ ಡ್ರೈವ್ ಡಾಗ್ (ಪ್ರೊಪೆಲ್ಲರನ್ನು ಹಿಡಿದು ತಿರುಗಿಸುವ ತುಂಡು) ಮತ್ತು ಸ್ಟ್ರಟ್ ನಡುವೆ ಸುಮಾರು 3 ಮಿ.ಮೀ. ಸಂದಿ ಬಿಡು. ಭಾರ ಬಿದ್ದಾಗ ಕೇಬಲ್ ಬಿಗಿದುಕೊಂಡು ಗಿಡ್ಡ ಆಗುತ್ತದೆ. ಸಂದಿ ಇಲ್ಲದಿದ್ದರೆ ಡಾಗ್ ಸ್ಟ್ರಟ್‌ಗೆ ಒತ್ತಿ ಉಜ್ಜುತ್ತದೆ. ಓಡಿಸಿದ ಮೇಲೆ ಪ್ರತಿ ಸಲ ಕೇಬಲ್ ಹೊರಗೆಳೆದು ಒರೆಸಿ ಗ್ರೀಸ್ ಹಚ್ಚು. ಸೋಮಾರಿತನಕ್ಕೆ ತುಕ್ಕು ಕಾಯುತ್ತಿರುತ್ತದೆ.

ಮೂರು ಪಾಯಿಂಟ್

ಟರ್ನ್ ಫಿನ್ (ತಿರುವಿನಲ್ಲಿ ಬೋಟ್ ಜಾರದಂತೆ ಹಿಡಿಯುವ ಫಲಕ) ಬಲಗಡೆ. ಓವಲ್ ರೇಸ್‌ಗಳಲ್ಲಿ ಗಡಿಯಾರದ ದಿಕ್ಕಿನಲ್ಲೇ ಸುತ್ತುವುದು, ಎಲ್ಲ ತಿರುವೂ ಬಲಕ್ಕೆ. ರಡ್ಡರ್‌ಗೆ ನೈಲಾನ್ ಸ್ಕ್ರೂ ಹಾಕಿ. ಏನಾದರೂ ತಗುಲಿದರೆ ಸ್ಕ್ರೂ ಮುರಿದು ರಡ್ಡರ್ ಮೇಲಕ್ಕೆ ಮಡಚುತ್ತದೆ, ಟ್ರಾನ್ಸಮ್ ಉಳಿಯುತ್ತದೆ. ಕಾರ್ಬನ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹೊಸ ಚುಕ್ಕಾಣಿ

ಎಲ್ಲರಿಗೂ ಧನ್ಯವಾದ. ಮೂವರಿಗೆ ಪ್ರಶ್ನೆ ಕಳಿಸಿದೆ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಮತ್ತೆ ಬಣ್ಣದ ಪಟ್ಟಿ ಕಳಿಸಿದರು, ಈ ಸಲ ಹೊಸ ಬಣ್ಣ ಎರಡು ಸೇರಿದೆ. ಮೂರನೆಯವರು ತಕ್ಕಡಿ ಫೋಟೊ, ಸ್ಕೇಲ್ ಫೋಟೊ, ಮೂತಿಯೊಳಗಿನ ವಿಡಿಯೊ ಎಲ್ಲ ಕಳಿಸಿದ್ದಾರೆ. ಹಲ್, ಡೆಕ್ ಸೇರಿ 870 ಗ್ರಾಂ. ಎಪಾಕ್ಸಿ, 160 ಜಿಎಸ್‌ಎಂ ಮೂರು ಪದರ, ತಳಕ್ಕೆ ನಾಲ್ಕು, ತೆಳು ಜೆಲ್‌ಕೋಟ್. ಸ್ಕೇಲ್ ಫೋಟೊದಲ್ಲಿ ಟ್ರಾನ್ಸಮ್‌ನಿಂದ ಸ್ವಲ್ಪ ಮುಂದೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿದೆ. ತೊಂದರೆ ಆಗುತ್ತದಾ? ಸ್ಟಫಿಂಗ್ ಟ್ಯೂಬ್ (ಪ್ರೊಪೆಲ್ಲರ್ ಶಾಫ್ಟ್ ಹೋಗುವ ಕೊಳವೆ) ಅವರೇ ಕೂರಿಸಿ ಕೊಡುತ್ತೇವೆ ಅಂತಿದ್ದಾರೆ, ಕೂರಿಸಲು ಹೇಳಲಾ?

ರೆಸಿನ್ ಕೈ

ಅಂಥವರನ್ನು ಬಿಡಬೇಡಿ. ಕೂದಲೆಳೆ ಬೆಳಕನ್ನು ನೀವೇ ಸರಿ ಮಾಡಬಹುದು. ತಳ ಮೇಲೆ ಮಾಡಿ ಇಟ್ಟು, ತಗ್ಗಿರುವ ಕಡೆ ಒರಟು ಮಾಡಿ, ಎಪಾಕ್ಸಿ ಫಿಲ್ಲರ್ ಎಳೆಯಿರಿ. ಗಟ್ಟಿಯಾದ ಮೇಲೆ ಉದ್ದನೆಯ ಕಟ್ಟಿಗೆಯಲ್ಲೇ ತಿಕ್ಕಿ, ಬರೀ ಕೈಯಲ್ಲಿ ತಿಕ್ಕಿದರೆ ಇನ್ನೊಂದು ತಗ್ಗು ಹುಟ್ಟುತ್ತದೆ. ಕೊನೇ 2–3 ಸೆಂ.ಮೀ. ಪೂರ್ತಿ ನೆಟ್ಟಗೆ ಬರುವವರೆಗೆ ಸ್ಕೇಲ್ ಇಡುತ್ತಿರಿ.

ಕೆವಿ ಲೆಕ್ಕ

ಟ್ಯೂಬ್ ಕೂರಿಸಲು ಹೇಳಬೇಡಿ. ಅವರು ಕೂರಿಸಿದರೆ ಮೋಟಾರ್ ಎಲ್ಲಿ ಬರಬೇಕು ಅನ್ನುವುದನ್ನೂ ಅವರೇ ತೀರ್ಮಾನ ಮಾಡಿದಂತೆ. ಮೊದಲು ಮೋಟಾರ್, ಇಎಸ್‌ಸಿ, ಬ್ಯಾಟರಿ ಎಲ್ಲವನ್ನೂ ಹಲ್‌ ಒಳಗೆ ಸಡಿಲವಾಗಿ ಇಟ್ಟು, ಟ್ರಾನ್ಸಮ್‌ನಿಂದ ಉದ್ದದ ಶೇ 30ರ ಹತ್ತಿರ ಬೆರಳ ಮೇಲೆ ನಿಲ್ಲಿಸಿ ನೋಡಿ. 85 ಸೆಂ.ಮೀ.ಗೆ ಅದು 25–26 ಸೆಂ.ಮೀ. ಬ್ಯಾಟರಿಗೆ ಹಿಂದೆ ಮುಂದೆ ಸರಿಯಲು ಜಾಗ ಉಳಿಯುವ ಹಾಗೆ ಮೋಟಾರ್ ಜಾಗ ಗುರುತು ಮಾಡಿ. ಆಮೇಲೆ ಟ್ಯೂಬ್‌ಗೆ ತೂತು ಕೊರೆಯಿರಿ.

ಟೇಪ್ ರಾಣಿ

ಮೂತಿಯೊಳಗೆ ಥರ್ಮೋಕೋಲ್ ಅಥವಾ ಬೇರೆ ಫೋಮ್ ತುಂಬುವುದನ್ನು ಟ್ಯೂಬ್ ಕೆಲಸಕ್ಕೆ ಮೊದಲೇ ಮುಗಿಸಿ, ಆಮೇಲೆ ಕೈ ಹೋಗುವುದಿಲ್ಲ. ಗಾಜು, ರೆಸಿನ್ ಎರಡೂ ನೀರಿಗಿಂತ ಭಾರ, ಮಗುಚಿ ನೀರು ತುಂಬಿದರೆ ಸೀದಾ ತಳಕ್ಕೆ. ಅಂಟಿಸಲು ಎಪಾಕ್ಸಿಯೇ ಇರಲಿ, ಪಾಲಿಯೆಸ್ಟರ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ದಾರಿಯಲ್ಲಿ ಒಡೆದಿದ್ದರೆ ಕೇಳಲು ಅದೊಂದೇ ಸಾಕ್ಷಿ.

ಹಳೇ ಗ್ಲೋ ಪ್ಲಗ್

ತಿಳಿ ಬಣ್ಣ ಹೇಳಿದೆಯಲ್ಲವಾ ತಮ್ಮಾ?

ಹೊಸ ಚುಕ್ಕಾಣಿ

ಹೇಳಿದ್ದೇನೆ ಸರ್. ಹಳದಿ ತಳ, ಬಿಳಿ ಡೆಕ್. ಅಚ್ಚಿನಲ್ಲೇ ಎರಡು ದಿನ ಹೆಚ್ಚಿಗೆ ಬಿಡಿ ಅಂದಿದ್ದಕ್ಕೆ ಅವರೇ ನಾಲ್ಕು ದಿನ ಬಿಡುತ್ತೇವೆ ಅಂದರು. ಇವತ್ತು ಆರ್ಡರ್ ಕೊಟ್ಟೆ.